ಮಿದುಳಿನ ಲಕ್ವದ ಮಕ್ಕಳೂ ಮೂಳೆಯ ಶಸ್ತ್ರಕ್ರಿಯೆಯೂ

ಒಂದೇ ಆಸ್ಪತ್ರೆಯಲ್ಲಿ, ಒಂದೇ ವಾರದಲ್ಲಿ, ೧೪ ವರ್ಷ ವಯಸ್ಸಿನ ಇಬ್ಬರಿಗೆ ಬೆನ್ನೆಲುಬಿನ ಶಸ್ತ್ರಕ್ರಿಯೆ ನಡೆಯಿತೆಂದು ಊಹಿಸಿಕೊಳ್ಳೋಣ. ಇಬ್ಬರ ಬೆನ್ನೂ ಪಕ್ಕಕ್ಕೆ ಬಾಗಿದೆ. ಇಬ್ಬರಿಗೂ ಚಿಕಿತ್ಸೆ ನೀಡಿದ ಶಸ್ತ್ರವೈದ್ಯರು ಒಬ್ಬರೇ. ಬೆನ್ನನ್ನು ನೇರಗೊಳಿಸಲು ಬಳಸಿದ ಲೋಹದ ಸರಳುಗಳೂ ತಿರುಪುಮೊಳೆಗಳೂ ಒಂದೇ ಬಗೆಯವು. ಮೊದಲನೆಯವಳಿಗೆ ಬೆನ್ನಿನ ಬಾಗು ಒಂದನ್ನು ಬಿಟ್ಟರೆ ಬೇರೆ ಕಾಯಿಲೆಯಿಲ್ಲ. ಅವಳು ಒಂದೆರಡು ದಿನಗಳಲ್ಲಿಯೇ ಎದ್ದು ನಿಂತು, ವಾರ ತುಂಬುವ ಹೊತ್ತಿಗೆ ಮನೆ ಸೇರುವಳು. ಎರಡನೆಯವನು ಹುಟ್ಟಿನಿಂದಲೂ ಮಿದುಳಿನ ಲಕ್ವಕ್ಕೆ ಸಿಕ್ಕಿದ ಹುಡುಗ, ತಾನಾಗಿ ನಡೆಯಲಾರ. ಮೂರನೆಯ ದಿನ ಅವನಿಗೆ ಜ್ವರ ಬರುವುದು. ಎದೆಯಲ್ಲಿ ಕಫ ಕಟ್ಟಿ ಉಸಿರಾಟಕ್ಕೆ ಯಂತ್ರದ ನೆರವು ಬೇಕಾಗುವುದು. ಎರಡನೆಯ ವಾರದಲ್ಲಿ ಗಾಯದ ಕೆಳತುದಿಯಲ್ಲಿ ಕೀವು ತೋರುವುದು. ಶಸ್ತ್ರ ಹಿಡಿದ ಕೈ ಅದೇ, ಉಪಕರಣಗಳು ಅವೇ, ಕೋಣೆಯೂ ಅದೇ. ಹಾಗಾದರೆ ಈ ವ್ಯತ್ಯಾಸ ಬಂದುದೆಲ್ಲಿಂದ?

ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಮಗುವನ್ನು ಶಸ್ತ್ರಕ್ರಿಯೆಗೆ ಒಪ್ಪಿಸಬೇಕೆ, ಬೇಡವೆ ಎಂದು ಕೊನೆಗೆ ತೀರ್ಮಾನಿಸಬೇಕಾದವರು ತಂದೆತಾಯಿಗಳು. ಒಪ್ಪಿಸಿದರೆ ತೊಡಕುಗಳ ಭಯ. ಒಪ್ಪಿಸದಿದ್ದರೆ ದಿನೇ ದಿನೇ ಹೆಚ್ಚುವ ಬಾಗು ಮತ್ತು ನೋವು. ಈ ಇಕ್ಕಟ್ಟಿನಲ್ಲಿ ಸಿಕ್ಕವರಿಗೆ ಧೈರ್ಯದ ಮಾತಿಗಿಂತ ಹೆಚ್ಚು ನೆರವಾಗುವುದು ವಿಷಯದ ಸರಿಯಾದ ತಿಳಿವಳಿಕೆ. ತೊಡಕುಗಳು ಹೇಗೆ ಹುಟ್ಟುತ್ತವೆ, ಅವುಗಳಲ್ಲಿ ಎಷ್ಟನ್ನು ತಡೆಯಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ರೋಗದ ನೆಲೆ

ಇಂಗ್ಲಿಷಿನಲ್ಲಿ ಸೆರೆಬ್ರಲ್ ಪಾಲ್ಸಿ ಎಂದು ಹೆಸರಾದ ಈ ಸ್ಥಿತಿಯನ್ನು ನಾವು ಮಿದುಳಿನ ಲಕ್ವ ಎಂದು ಕರೆಯೋಣ. ಮಗು ಗರ್ಭದಲ್ಲಿರುವಾಗಲೋ, ಹುಟ್ಟುವ ಸಮಯದಲ್ಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿ, ಚಲನೆಯನ್ನೂ ದೇಹದ ಭಂಗಿಯನ್ನೂ ಆಳುವ ಶಕ್ತಿ ಕುಂದುವುದೇ ಇದರ ಲಕ್ಷಣ. ಸಾವಿರ ಶಿಶುಗಳಲ್ಲಿ ಸುಮಾರು ಇಬ್ಬರಿಗೆ ಇದು ತಗಲುವುದೆಂದು ಲೆಕ್ಕ. ಇದು ಅಂಟುರೋಗವಲ್ಲ. ಇದಕ್ಕೆ ಸಿಕ್ಕ ಮಕ್ಕಳೆಲ್ಲರ ಬುದ್ಧಿಯೂ ಕುಂದಿರುವುದೆಂಬ ನಂಬಿಕೆಯೂ ಸರಿಯಲ್ಲ. ಮಾತು ತೊದಲುವ, ಕೈಕಾಲು ಆಡದ ದೇಹದೊಳಗೆ ಚುರುಕಾದ ಮನಸ್ಸಿರುವುದುಂಟು.

ಈ ಲಕ್ವದಲ್ಲಿ ಹಲವು ಬಗೆಗಳಿದ್ದರೂ ಹತ್ತರಲ್ಲಿ ಸುಮಾರು ಎಂಟು ಮಕ್ಕಳಲ್ಲಿ ಕಾಣುವುದು ಸ್ನಾಯುಗಳ ಬಿಗಿತ. ಇದರ ಮರ್ಮವನ್ನು ತಿಳಿಯಲು ಆರೋಗ್ಯವಂತರ ದೇಹದಲ್ಲಿ ನಡೆಯುವುದನ್ನು ಮೊದಲು ಗಮನಿಸಬೇಕು. ಯಾವುದೇ ಸ್ನಾಯುವನ್ನು ಥಟ್ಟನೆ ಎಳೆದರೆ, ಎಳೆತದ ಸುದ್ದಿ ನರದ ಮೂಲಕ ಬೆನ್ನುಹುರಿಗೆ ಮುಟ್ಟಿ, ಅಲ್ಲಿಂದ ‘ಕುಗ್ಗು’ ಎಂಬ ಆಜ್ಞೆ ಹಿಂದಿರುಗುವುದು. ವೈದ್ಯರು ಮಂಡಿಯ ಕೆಳಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಈ ಕಾರಣದಿಂದಲೇ. ಈ ಪ್ರತಿಕ್ರಿಯೆ ಮಿತಿ ಮೀರದಂತೆ ಮಿದುಳು ಮೇಲಿನಿಂದ ಸದಾ ಕಡಿವಾಣ ಹಾಕುತ್ತಿರುವುದು. ಮಿದುಳಿಗೆ ಪೆಟ್ಟಾದಾಗ ಕಡಿವಾಣ ಸಡಿಲವಾಗುವುದು. ಸಣ್ಣ ಎಳೆತಕ್ಕೂ ಸ್ನಾಯು ಬಲವಾಗಿ ಕುಗ್ಗಿ ಬಿಗಿಯಾಗುವುದು.

ಮಿದುಳಿನ ಗಾಯ ಬೆಳೆಯುವುದಿಲ್ಲ. ಆದರೆ ಮಗು ಬೆಳೆಯುವುದು. ತೊಂದರೆ ಹೆಚ್ಚುವುದು ಇಲ್ಲಿಯೇ. ಮೂಳೆ ಉದ್ದವಾಗುತ್ತಾ ಹೋದಂತೆ ಅದರ ಜೊತೆಗೆ ಸ್ನಾಯುವೂ ಉದ್ದವಾಗಬೇಕು. ಓಡಿ ಆಡಿ ದಿನವೂ ಮೈಯನ್ನು ಎಳೆದಾಡುವ ಮಗುವಿನಲ್ಲಿ ಇದು ತಾನಾಗಿ ನಡೆಯುವುದು. ಸದಾ ಬಿಗಿದುಕೊಂಡಿರುವ ಸ್ನಾಯು ಮೂಳೆಯ ಬೆಳವಣಿಗೆಗೆ ಸರಿಸಮನಾಗಿ ಬೆಳೆಯಲಾರದೆ ಗಿಡ್ಡವಾಗಿಯೇ ಉಳಿಯುವುದು. ಆಗ ಕೀಲುಗಳು ಬಾಗಿದಲ್ಲಿಯೇ ನಿಲ್ಲುವುವು; ಮೂಳೆಗಳು ತಿರುಚಿಕೊಳ್ಳುವುವು; ಸೊಂಟದ ಕೀಲು ಜಾರುವುದು; ಬೆನ್ನು ಬಾಗುವುದು. ಶಸ್ತ್ರವೈದ್ಯನ ಮುಂದೆ ಬರುವುದು ಈ ಪರಿಣಾಮ. ಮೂಲ ಕಾರಣವಾದ ಮಿದುಳಿನ ಗಾಯ ಅವನ ಶಸ್ತ್ರಕ್ಕೆ ನಿಲುಕದು. ಪೆಟ್ಟು ಬಿದ್ದಿರುವುದು ಒಂದು ಕಡೆ, ದುರಸ್ತಿ ನಡೆಯುವುದು ಇನ್ನೊಂದು ಕಡೆ. ಮುಂದೆ ಹೇಳುವ ತೊಡಕುಗಳಲ್ಲಿ ಬಹುಪಾಲು ಈ ಅಂತರದಿಂದಲೇ ಹುಟ್ಟಿದುವು.

ಈ ಮಕ್ಕಳೆಲ್ಲರ ಸ್ಥಿತಿಯೂ ಒಂದೇ ಅಲ್ಲ. ಕೆನಡಾ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ತಜ್ಞರು ೧೯೯೭ರಲ್ಲಿ ಇವರನ್ನು ಐದು ಮಟ್ಟಗಳಾಗಿ ವಿಂಗಡಿಸಿದರು. ಒಂದನೆಯ ಮಟ್ಟದ ಮಗು ಯಾರ ಆಸರೆಯೂ ಇಲ್ಲದೆ ನಡೆದು ಮೆಟ್ಟಿಲು ಹತ್ತಬಲ್ಲುದು. ಐದನೆಯ ಮಟ್ಟದ ಮಗು ಕತ್ತನ್ನು ಸಹ ಸರಿಯಾಗಿ ನಿಲ್ಲಿಸಲಾರದು, ಅದನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಇತರರು ಕರೆದೊಯ್ಯಬೇಕು. ಶಸ್ತ್ರಕ್ರಿಯೆಯ ಅಪಾಯವನ್ನು ಅಳೆಯುವಲ್ಲಿ ಈ ವಿಂಗಡಣೆ ಬಹಳ ಉಪಯುಕ್ತ. ಮಟ್ಟ ಏರಿದಷ್ಟೂ ತೊಡಕು ಹೆಚ್ಚು.

ಹಿಮ್ಮಡಿಯ ಕಂಡರ: ಹೆಚ್ಚಾದ ಚಿಕಿತ್ಸೆ

ಈ ರೋಗವನ್ನು ವಿಶದವಾಗಿ ವರ್ಣಿಸಿದವರಲ್ಲಿ ಮೊದಲಿಗರು ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್. ೧೮೧೦ರಲ್ಲಿ ಹುಟ್ಟಿದ ಲಿಟಲ್‌ಗೆ ಎಳವೆಯಲ್ಲಿ ಪೋಲಿಯೋ ತಗಲಿ ಎಡಗಾಲಿನ ಪಾದ ತಿರುಚಿಕೊಂಡಿತ್ತು. ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯಂತಹ ಭಾಗಕ್ಕೆ ಕಂಡರವೆಂದು ಹೆಸರು. ಜರ್ಮನಿಯ ಹ್ಯಾನೋವರಿನಲ್ಲಿ ಸ್ಟ್ರೋಮೇಯರ್ ಎಂಬ ಶಸ್ತ್ರವೈದ್ಯರು ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ, ಒಳಗಿನಿಂದಲೇ ಹಿಮ್ಮಡಿಯ ಕಂಡರವನ್ನು ಕತ್ತರಿಸಿ, ಪಾದವನ್ನು ಸರಿಪಡಿಸುತ್ತಿದ್ದರು. ಆಗಿನ್ನೂ ಅರಿವಳಿಕೆಯೂ ಇರಲಿಲ್ಲ, ಗಾಯ ಕೀವಾಗದಂತೆ ತಡೆಯುವ ವಿಧಾನವೂ ಇರಲಿಲ್ಲ. ರಂಧ್ರವನ್ನು ಕಿರಿದಾಗಿಸಿದ್ದೇ ಕೀವನ್ನು ತಡೆಯುವ ಉಪಾಯ. ೧೮೩೬ರಲ್ಲಿ ಲಿಟಲ್ ಅವರ ಕೈಯಲ್ಲಿ ತಮ್ಮ ಪಾದಕ್ಕೆ ಚಿಕಿತ್ಸೆ ಮಾಡಿಸಿಕೊಂಡು, ಆ ವಿದ್ಯೆಯನ್ನು ಕಲಿತು ಲಂಡನ್ನಿಗೆ ಮರಳಿದರು. ೧೮೩೮ರಲ್ಲಿ ಇಂತಹ ರೋಗಿಗಳಿಗಾಗಿಯೇ ಒಂದು ಆಸ್ಪತ್ರೆಯನ್ನು ತೆರೆದರು. ಕಷ್ಟದ ಹೆರಿಗೆ, ಅಕಾಲ ಜನನ, ಹುಟ್ಟುವಾಗ ಉಸಿರುಗಟ್ಟುವಿಕೆ ಇವುಗಳಿಗೂ ಮಕ್ಕಳ ಕೈಕಾಲು ಬಿಗಿತಕ್ಕೂ ಸಂಬಂಧವಿದೆಯೆಂದು ೧೮೬೧ರಲ್ಲಿ ಲಂಡನ್ನಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಅವರು ವಾದಿಸಿದರು. ಬಹುಕಾಲ ಈ ರೋಗಕ್ಕೆ ಲಿಟಲ್ ರೋಗವೆಂದೇ ಹೆಸರಿತ್ತು.

ಲಿಟಲ್ ಕಲಿತುಬಂದ ಶಸ್ತ್ರಕ್ರಿಯೆ ರೂಪಾಂತರಗೊಂಡು ಇಂದಿಗೂ ಬಳಕೆಯಲ್ಲಿದೆ. ಮೀನಖಂಡದ ಸ್ನಾಯು ಬಿಗಿದು ಮಗು ತುದಿಗಾಲಿನಲ್ಲಿ ನಡೆಯುತ್ತಿದ್ದರೆ, ಹಿಮ್ಮಡಿಯ ಕಂಡರವನ್ನು ಉದ್ದಗೊಳಿಸಿ ಪಾದ ನೆಲಕ್ಕೆ ತಾಗುವಂತೆ ಮಾಡುವರು. ನೋಡಲು ಇದಕ್ಕಿಂತ ಸರಳವಾದ ಕೆಲಸವಿಲ್ಲ. ಗಾಯ ಚಿಕ್ಕದು, ಕೀವಿನ ಭಯವೂ ಕಡಮೆ. ಆದರೂ ಈ ಮಕ್ಕಳ ಕಾಲಿಗೆ ಒದಗುವ ಅತ್ಯಂತ ದುಃಖಕರವಾದ ತೊಡಕುಗಳಲ್ಲಿ ಒಂದು ಈ ಸರಳ ಕೆಲಸದಿಂದಲೇ ಬರುವುದು.

ಅದು ಹೀಗೆ. ನಾವು ನಿಂತಿರುವಾಗ ದೇಹದ ಭಾರ ಮೊಳಕಾಲಿನ ಕೆಳಗಿನ ಮೂಳೆಯನ್ನು ಸದಾ ಮುಂದಕ್ಕೆ ತಳ್ಳುತ್ತಿರುವುದು. ಅದು ಮುಂದೆ ಬಾಗದಂತೆ ಹಿಂದಿನಿಂದ ಹಗ್ಗದ ಹಾಗೆ ಹಿಡಿದೆಳೆದಿರುವುದು ಮೀನಖಂಡದ ಸ್ನಾಯು. ಗುಡಾರದ ಕಂಬವನ್ನು ಒಂದು ಕಡೆಯಿಂದ ಎಳೆದು ಕಟ್ಟಿದ ಹಗ್ಗವನ್ನು ಸಡಿಲಿಸಿದರೆ ಕಂಬ ಎದುರು ಕಡೆಗೆ ವಾಲುವಂತೆ, ಕಂಡರವನ್ನು ಬೇಕಾದುದಕ್ಕಿಂತ ಹೆಚ್ಚು ಉದ್ದಗೊಳಿಸಿದರೆ ಮೊಳಕಾಲು ಮುಂದಕ್ಕೆ ಬಾಗುವುದು, ಮಂಡಿ ಮಡಿಯುವುದು, ಅದನ್ನು ಸರಿದೂಗಿಸಲು ಸೊಂಟವೂ ಬಾಗುವುದು. ತುದಿಗಾಲಿನಲ್ಲಾದರೂ ನೆಟ್ಟಗೆ ನಡೆಯುತ್ತಿದ್ದ ಮಗು ಈಗ ಅರ್ಧ ಕುಳಿತವರಂತೆ ಕುಕ್ಕುರು ನಡಿಗೆಯಲ್ಲಿ ಸಾಗುವುದು. ತೊಡೆಯ ಮುಂಭಾಗದ ಸ್ನಾಯುಗಳು ದಣಿಯುವುವು. ಹರೆಯ ಬರುವ ವೇಳೆಗೆ ಮಂಡಿಯಲ್ಲಿ ನೋವು. ಕೆಲವರು ನಡೆಯುವುದನ್ನೇ ಬಿಡುವರು. ಎರಡು ಕಾಲುಗಳಿಗೂ ಲಕ್ವ ತಟ್ಟಿದ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಅವರಲ್ಲಿ ತುದಿಗಾಲಿಗೆ ಕಾರಣ ಮೀನಖಂಡವೊಂದೇ ಅಲ್ಲ, ತೊಡೆಯ ಹಿಂಭಾಗದ ಮತ್ತು ಸೊಂಟದ ಸ್ನಾಯುಗಳೂ ಗಿಡ್ಡವಾಗಿರುವುವು. ಬಿಗಿತವೆಲ್ಲವೂ ಶತ್ರುವಲ್ಲವೆಂಬ ಪಾಠವನ್ನು ಶಸ್ತ್ರವೈದ್ಯರು ಇದರಿಂದ ಕಲಿತರು. ದುರ್ಬಲವಾದ ದೇಹ ಕೆಲವೊಮ್ಮೆ ಬಿಗಿತದ ಆಸರೆಯಿಂದಲೇ ನಿಂತಿರುವುದು.

ಇನ್ನೊಂದು ಪಾಠವನ್ನೂ ಅವರು ನಿಧಾನವಾಗಿ ಕಲಿತರು. ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ, ಅದರ ಮರುವರ್ಷ ಸೊಂಟ, ಹೀಗೆ ಬಿಡಿಬಿಡಿಯಾಗಿ ಶಸ್ತ್ರಕ್ರಿಯೆ ಮಾಡುತ್ತಾ ಹೋದರೆ ಮಗುವಿನ ಬಾಲ್ಯವೆಲ್ಲ ಆಸ್ಪತ್ರೆಯಲ್ಲಿಯೇ ಕಳೆಯುವುದು. ಟೊರಾಂಟೋ ನಗರದ ಮಕ್ಕಳ ಶಸ್ತ್ರವೈದ್ಯ ಮರ್ಸರ್ ರ‍್ಯಾಂಗ್ ಇದನ್ನು ‘ಹುಟ್ಟುಹಬ್ಬದ ರೋಗ’ವೆಂದು ವ್ಯಂಗ್ಯವಾಗಿ ಕರೆದರು: ಪ್ರತಿ ಹುಟ್ಟುಹಬ್ಬಕ್ಕೂ ಮಗುವಿಗೆ ಒಂದು ಶಸ್ತ್ರಕ್ರಿಯೆಯ ಉಡುಗೊರೆ! ಈಗ ಅನೇಕ ಕಡೆಗಳಲ್ಲಿ ಮಗುವಿನ ನಡಿಗೆಯನ್ನು ಹಲವು ಕ್ಯಾಮೆರಾಗಳಿಂದ ಚಿತ್ರಿಸಿ, ಪ್ರತಿ ಹೆಜ್ಜೆಯಲ್ಲಿ ಪ್ರತಿ ಕೀಲೂ ಎಷ್ಟು ಬಾಗುವುದು, ಯಾವ ಸ್ನಾಯು ಯಾವಾಗ ಕುಗ್ಗುವುದು ಎಂಬುದನ್ನು ಅಳೆದು, ಬೇಕಾದ ತಿದ್ದುಪಡಿಗಳನ್ನೆಲ್ಲ ಒಂದೇ ಸಲ ಮಾಡುವ ಪದ್ಧತಿ ಬಂದಿದೆ. ಇದರಿಂದ ಶಸ್ತ್ರಕ್ರಿಯೆಗಳ ಸಂಖ್ಯೆ ತಗ್ಗುವುದು. ಆದರೆ ಆ ಒಂದು ಶಸ್ತ್ರಕ್ರಿಯೆ ದೀರ್ಘವಾಗುವುದು, ಚೇತರಿಕೆಗೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲದ ವ್ಯಾಯಾಮ ಬೇಕಾಗುವುದು.

ಜಾರುವ ಸೊಂಟ

ತೊಡೆಯೆಲುಬಿನ ಮೇಲ್ತುದಿಯಲ್ಲಿ ಚೆಂಡಿನಂತಹ ಒಂದು ಗುಂಡು ಇದೆ. ಅದು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಂತಹ ಗುಳಿಯಲ್ಲಿ ಕುಳಿತು ತಿರುಗುವುದು. ಹುಟ್ಟುವಾಗ ಮಿದುಳಿನ ಲಕ್ವದ ಮಗುವಿನ ಸೊಂಟ ಸಾಮಾನ್ಯವಾಗಿ ಸರಿಯಾಗಿಯೇ ಇರುವುದು. ಮುಂದೆ ತೊಡೆಯನ್ನು ಒಳಕ್ಕೂ ಮೇಲಕ್ಕೂ ಎಳೆಯುವ ಸ್ನಾಯುಗಳ ಬಿಗಿತ ಒಂದು ಕಡೆ, ನಿಂತು ನಡೆಯದೆ ಕೀಲಿನ ಮೇಲೆ ಸಹಜವಾದ ಭಾರ ಬೀಳದಿರುವುದು ಇನ್ನೊಂದು ಕಡೆ, ಇವೆರಡರಿಂದ ಗುಂಡು ಸ್ವಲ್ಪ ಸ್ವಲ್ಪವಾಗಿ ಹೊರಕ್ಕೆ ಜಾರುವುದು. ಬಟ್ಟಲು ಆಳವಾಗಿ ಬೆಳೆಯುವುದಕ್ಕೆ ಗುಂಡು ಅದರೊಳಗೆ ಇರಬೇಕು. ಗುಂಡು ಸರಿದರೆ ಬಟ್ಟಲು ತಟ್ಟೆಯಂತಾಗುವುದು, ಜಾರುವಿಕೆ ಮತ್ತಷ್ಟು ಸುಲಭವಾಗುವುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಿಂದ ೨೦೦೬ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ಮಕ್ಕಳಲ್ಲಿ ನೂರಕ್ಕೆ ೩೫ರಷ್ಟು ಮಂದಿಗೆ ಸೊಂಟ ಜಾರಿತ್ತು. ಒಂದನೆಯ ಮಟ್ಟದವರಲ್ಲಿ ಒಬ್ಬರಿಗೂ ಇಲ್ಲ, ಐದನೆಯ ಮಟ್ಟದವರಲ್ಲಿ ನೂರಕ್ಕೆ ೯೦ ಮಂದಿಗೆ!

ಪೂರ್ತಿ ಜಾರಿದ ಸೊಂಟ ಅನೇಕರಿಗೆ ನೋವಿನ ಮೂಲ. ಕೂರುವುದು ಕಷ್ಟ; ತೊಡೆಗಳನ್ನು ಅಗಲಿಸಿ ಮೈ ತೊಳೆಯುವುದು ತಾಯಿಗೆ ಕಷ್ಟ. ಅದನ್ನು ಸರಿಪಡಿಸಲು ತೊಡೆಯೆಲುಬನ್ನು ಕತ್ತರಿಸಿ, ತಿರುಗಿಸಿ, ಲೋಹದ ಪಟ್ಟಿಯಿಂದ ಬಿಗಿಯಬೇಕು. ಅನೇಕ ವೇಳೆ ಬಟ್ಟಲಿನ ಮೂಳೆಯನ್ನೂ ಕತ್ತರಿಸಿ ಬಾಗಿಸಬೇಕು. ಇಲ್ಲಿನ ತೊಡಕುಗಳು ಹಲವು. ಗುಂಡಿಗೆ ಹೋಗುವ ರಕ್ತನಾಳಗಳಿಗೆ ಧಕ್ಕೆಯಾಗಿ ಅದರ ಒಂದು ಭಾಗ ಸಾಯಬಹುದು. ಬಿಗಿತ ಹಾಗೆಯೇ ಉಳಿದಿರುವುದರಿಂದ ಕೀಲು ಮತ್ತೆ ಜಾರಬಹುದು. ಕತ್ತರಿಸಿದ ಸ್ನಾಯುಗಳ ನಡುವೆ, ಇರಬಾರದ ಕಡೆ, ಹೊಸ ಮೂಳೆ ಬೆಳೆದು ಕೀಲು ಸೆಟೆದು ನಿಲ್ಲಬಹುದು.

ಇವೆಲ್ಲಕ್ಕಿಂತ ವಿಚಿತ್ರವಾದುದು ಇನ್ನೊಂದು. ಸೊಂಟಕ್ಕೆ ಮಾಡಿದ ಶಸ್ತ್ರಕ್ರಿಯೆ ಸರಿಯಾಗಿ ನೆರವೇರಿ, ಆರೆಂಟು ವಾರಗಳ ತರುವಾಯ ಪ್ಲಾಸ್ಟರನ್ನು ತೆಗೆದು ಮಗುವನ್ನು ಎತ್ತುವಾಗ, ಮಂಡಿಯ ಮೇಲ್ಭಾಗದಲ್ಲಿ ತೊಡೆಯೆಲುಬು ಮುರಿಯುವುದುಂಟು. ಶಸ್ತ್ರ ಮುಟ್ಟದ ಕಡೆ ಮೂಳೆ ಏಕೆ ಮುರಿಯಬೇಕು? ಮೂಳೆ ಗಟ್ಟಿಯಾಗುವುದು ಭಾರ ಹೊರುವುದರಿಂದ. ಎಂದೂ ನಿಂತು ನಡೆಯದ ಮಗುವಿನ ಮೂಳೆ ಮೊದಲೇ ತೆಳುವು. ಹೊರಗೆ ಬಿಸಿಲಿಗೆ ಹೋಗುವುದು ಅಪರೂಪವಾದ್ದರಿಂದ ಡಿ ಜೀವಸತ್ವ ಕಡಮೆ. ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳು ಇದ್ದ ಜೀವಸತ್ವವನ್ನೂ ಬೇಗ ಕರಗಿಸುವುವು. ಇದರ ಮೇಲೆ ಪ್ಲಾಸ್ಟರಿನೊಳಗೆ ವಾರಗಟ್ಟಲೆ ಅಲುಗಾಡದೆ ಇದ್ದರೆ ಮೂಳೆ ಇನ್ನಷ್ಟು ಬಡವಾಗುವುದು. ಹಾಗೆಯೇ ಮಡಿದ ಮಂಡಿಯನ್ನು ಒಂದೇ ಸಲಕ್ಕೆ ನೆಟ್ಟಗೆ ಮಾಡಿದರೆ, ಸ್ನಾಯುವಿನೊಂದಿಗೆ ಗಿಡ್ಡವಾಗಿಯೇ ಇದ್ದ ತೊಡೆಯ ಹಿಂದಿನ ದೊಡ್ಡ ನರ ಎಳೆತಕ್ಕೆ ಸಿಕ್ಕಿ ಪಾದದ ಬಲ ಕುಗ್ಗಬಹುದು.

ಬಾಗಿದ ಬೆನ್ನು

ಈಗ ಆರಂಭದಲ್ಲಿ ಹೇಳಿದ ಇಬ್ಬರು ಮಕ್ಕಳ ವಿಷಯಕ್ಕೆ ಬರೋಣ. ಇತರ ಕಾಯಿಲೆಯಿಲ್ಲದ ಹುಡುಗಿಯ ಬೆನ್ನಿನ ಬಾಗು ಸಾಮಾನ್ಯವಾಗಿ ಬೆನ್ನಿನ ಒಂದು ಭಾಗಕ್ಕೆ ಸೀಮಿತ. ಲಕ್ವದ ಹುಡುಗನ ಬಾಗು ಉದ್ದನೆಯದು. ಅನೇಕ ವೇಳೆ ಸೊಂಟದ ಮೂಳೆಯವರೆಗೂ ಇಳಿದು, ಕುಳಿತಾಗ ಮೈಯೆಲ್ಲ ಒಂದು ಕಡೆಗೆ ವಾಲುವುದು. ಬೆಳವಣಿಗೆ ನಿಂತ ಮೇಲೂ ಅದು ಹೆಚ್ಚುತ್ತಾ ಹೋಗಬಹುದು. ಆದುದರಿಂದ ಅವನ ಶಸ್ತ್ರಕ್ರಿಯೆಯಲ್ಲಿ ಎದೆಯ ಮೇಲ್ಭಾಗದಿಂದ ಸೊಂಟದವರೆಗೆ ಇಡೀ ಬೆನ್ನನ್ನು ತೆರೆದು, ಸರಳುಗಳನ್ನು ಬಿಗಿದು, ಕಶೇರುಗಳು ಒಂದಕ್ಕೊಂದು ಬೆಸೆಯುವಂತೆ ಮಾಡಬೇಕು. ಗಂಟೆಗಟ್ಟಲೆ ನಡೆಯುವ ಕೆಲಸ. ನಷ್ಟವಾಗುವ ರಕ್ತವೂ ಅಧಿಕ.

ನರ ಮತ್ತು ಸ್ನಾಯುಗಳ ರೋಗದಿಂದ ಬೆನ್ನು ಬಾಗಿದವರಿಗೆ ನಡೆದ ಶಸ್ತ್ರಕ್ರಿಯೆಗಳ ವರದಿಗಳನ್ನೆಲ್ಲ ಒಟ್ಟುಗೂಡಿಸಿ ೨೦೧೩ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯ ಪ್ರಕಾರ, ನೂರು ಮಂದಿಯಲ್ಲಿ ಸುಮಾರು ೨೩ ಮಂದಿಗೆ ಶ್ವಾಸಕೋಶದ ತೊಂದರೆ, ೧೨-೧೩ ಮಂದಿಗೆ ಲೋಹದ ಸಾಧನ ಸಡಿಲವಾಗುವ ಇಲ್ಲವೆ ಮುರಿಯುವ ತೊಂದರೆ, ಸುಮಾರು ೧೧ ಮಂದಿಗೆ ಸೋಂಕು, ೩ ಮಂದಿಗೆ ನರಗಳ ತೊಂದರೆ ಉಂಟಾಗಿತ್ತು. ಈ ಅಂಕಿಗಳನ್ನು ಗಮನವಿಟ್ಟು ನೋಡಬೇಕು. ಶಸ್ತ್ರ ಬಿದ್ದುದು ಬೆನ್ನಿನ ಮೇಲೆ. ಮೊದಲ ಸ್ಥಾನದಲ್ಲಿರುವುದು ಶ್ವಾಸಕೋಶ. ಬೆನ್ನುಹುರಿಗೆ ಧಕ್ಕೆಯಾದೀತೆಂಬುದೇ ಜನಸಾಮಾನ್ಯರ ದೊಡ್ಡ ಭಯ. ಅಂಕಿಗಳ ಸಾಲಿನಲ್ಲಿ ಅದು ಕೊನೆಯದು.

ತೊಡಕುಗಳ ಬೇರು

ಶ್ವಾಸಕೋಶಕ್ಕೆ ಏಕೆ ತೊಂದರೆ? ಆಹಾರ ನುಂಗುವುದು ಸಹ ಮಿದುಳು ನಡೆಸುವ ಒಂದು ಸೂಕ್ಷ್ಮ ಚಲನೆ. ಅದು ತಾಳ ತಪ್ಪಿದರೆ ಜೊಲ್ಲೂ ಆಹಾರವೂ ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುವುವು. ಜಠರದ ಹುಳಿ ಮೇಲೇರಿ ಗಂಟಲಿಗೆ ಬರುವುದೂ ಈ ಮಕ್ಕಳಲ್ಲಿ ಸಾಮಾನ್ಯ. ಆರೋಗ್ಯವಂತನಾದರೆ ಬಲವಾಗಿ ಕೆಮ್ಮಿ ಹೊರಹಾಕುವನು. ಈ ಮಗುವಿನ ಕೆಮ್ಮು ದುರ್ಬಲ. ಬಾಗಿದ ಬೆನ್ನು ಎದೆಗೂಡನ್ನು ಮೊದಲೇ ಇಕ್ಕಟ್ಟು ಮಾಡಿದೆ. ಇದಕ್ಕೆ ಅರಿವಳಿಕೆಯ ಮಂಪರೂ ಗಾಯದ ನೋವೂ ಸೇರಿದರೆ ಉಸಿರು ಮೇಲುಮೇಲಕ್ಕೆ ಆಡಿ, ಕಫ ಒಳಗೆ ನಿಂತು, ನ್ಯುಮೋನಿಯಾಕ್ಕೆ ಎಡೆಯಾಗುವುದು.

ನುಂಗುವ ಕಷ್ಟದ ಇನ್ನೊಂದು ಫಲ ಅರೆಹೊಟ್ಟೆ. ಒಂದು ಊಟಕ್ಕೆ ತಾಸುಗಟ್ಟಲೆ ಹಿಡಿಯುವ ಮಗುವಿಗೆ ಬೇಕಾದಷ್ಟು ಪೌಷ್ಟಿಕ ಆಹಾರ ಸೇರುವುದಿಲ್ಲ. ಗಾಯ ಕೂಡಲು ಪ್ರೋಟೀನು ಬೇಕು. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳಿಗೂ ಅದು ಬೇಕು. ಬೆನ್ನಿನ ಶಸ್ತ್ರಕ್ರಿಯೆಗೆ ಒಳಗಾದ ಈ ಮಕ್ಕಳನ್ನು ಕುರಿತು ೧೯೯೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಸ್ಪಷ್ಟಪಡಿಸಿತು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಪ್ರತಿ ೧೦೦ ಮಿಲಿಲೀಟರಿಗೆ ೩.೫ ಗ್ರಾಂ ಅಥವಾ ಹೆಚ್ಚಾಗಿದ್ದು, ಲಿಂಫೋಸೈಟ್ ಎಂಬ ಬಿಳಿಯ ಕಣಗಳ ಎಣಿಕೆ ೧೫೦೦ಕ್ಕೆ ಕಡಮೆಯಿಲ್ಲದ ಮಕ್ಕಳಲ್ಲಿ ಸೋಂಕು ಕಡಮೆಯಾಗಿತ್ತು, ಆಸ್ಪತ್ರೆಯಲ್ಲಿ ಕಳೆದ ದಿನಗಳೂ ಕಡಮೆಯಾಗಿದ್ದುವು. ಬೆನ್ನಿನ ಗಾಯದ ಕೆಳತುದಿ ಮಲಮೂತ್ರಗಳ ದ್ವಾರಕ್ಕೆ ಹತ್ತಿರವಿರುವುದು, ಮಗುವಿಗೆ ಅವುಗಳ ಮೇಲೆ ಹತೋಟಿಯಿಲ್ಲದಿರುವುದು, ಇವೂ ಸೋಂಕಿಗೆ ಕಾರಣಗಳು. ಹಾಗಾಗಿಯೇ ಇವರ ಗಾಯದಲ್ಲಿ ಕರುಳಿನ ರೋಗಾಣುಗಳೂ ಕಾಣಸಿಗುವುದುಂಟು.

ಹೊಟ್ಟೆಯೊಳಗೆ ನಡೆಯುವ ಒಂದು ತೊಡಕು ಯಂತ್ರಶಾಸ್ತ್ರದ ಲೆಕ್ಕದಂತಿದೆ. ಸಣ್ಣ ಕರುಳಿನ ಮೊದಲ ಭಾಗ ಎರಡು ರಕ್ತನಾಳಗಳು ಕವಲೊಡೆಯುವ ಮೂಲೆಯಲ್ಲಿ ಹಾದುಹೋಗುವುದು. ಅಲ್ಲಿ ಸ್ವಲ್ಪ ಕೊಬ್ಬು ಮೆತ್ತೆಯಂತೆ ನಿಂತು ಜಾಗ ಬಿಡಿಸಿರುವುದು. ತೆಳ್ಳಗಿನ ಮಗುವಿನಲ್ಲಿ ಮೆತ್ತೆಯೇ ಇಲ್ಲ. ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿ ಮೈಯನ್ನು ಉದ್ದಗೊಳಿಸಿದೊಡನೆ ಕವಲಿನ ಕೋನ ಕಿರಿದಾಗಿ ಕರುಳು ಇಕ್ಕುಳದಲ್ಲಿ ಸಿಕ್ಕಂತಾಗುವುದು. ಮಗು ಮತ್ತೆ ಮತ್ತೆ ವಾಂತಿ ಮಾಡುವುದು. ಅಪರೂಪವಾದರೂ ಗಮನದಲ್ಲಿಡಬೇಕಾದ ಸಂಗತಿ.

ಔಷಧಿಗಳ ವಿಷಯವೂ ಹಗುರವಲ್ಲ. ಈ ಮಕ್ಕಳಲ್ಲಿ ಅನೇಕರಿಗೆ ಮೂರ್ಛೆರೋಗವಿರುವುದು. ಶಸ್ತ್ರಕ್ರಿಯೆಯ ದಿನ ಉಪವಾಸವೆಂದು ಅದರ ಔಷಧಿಯನ್ನೂ ತಪ್ಪಿಸಿದರೆ ಸೆಳವು ಮರುಕಳಿಸಬಹುದು. ಅಂತಹ ಔಷಧಿಗಳಲ್ಲಿ ಒಂದಾದ ವಾಲ್‌ಪ್ರೋಯೇಟ್ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಲವರಲ್ಲಿ ಕುಗ್ಗಿಸುವುದು. ಬಿಗಿತವನ್ನು ತಗ್ಗಿಸುವ ಬ್ಯಾಕ್ಲೋಫೆನ್ನನ್ನು ಥಟ್ಟನೆ ನಿಲ್ಲಿಸಿದರೆ ಬಿಗಿತ ವಿಪರೀತವಾಗಿ, ಜ್ವರವೇರಿ, ಪ್ರಾಣಾಪಾಯವೂ ಆಗಬಹುದು.

ಕೊನೆಯದಾಗಿ ನೋವು. ಗಾಯ ನೋಯುವುದು; ನೋವಿನಿಂದ ಸ್ನಾಯು ಸೆಟೆಯುವುದು; ಸೆಟೆದ ಸ್ನಾಯು ಕತ್ತರಿಸಿದ ಮೂಳೆಯನ್ನು ಎಳೆದು ಇನ್ನಷ್ಟು ನೋಯಿಸುವುದು. ಈ ವಿಷಚಕ್ರದ ನಡುವೆ ಸಿಕ್ಕ ಮಗು ‘ಇಲ್ಲಿ ನೋಯುತ್ತಿದೆ’ ಎಂದು ಹೇಳಲಾರದೆ ಹೋದರೆ? ಪ್ಲಾಸ್ಟರಿನ ಅಂಚು ಹಿಮ್ಮಡಿಯನ್ನು ಒತ್ತುತ್ತಿರಬಹುದು. ಇತರ ಮಕ್ಕಳು ಒಂದು ಗಂಟೆಯಲ್ಲಿ ರಂಪ ಮಾಡಿ ಪ್ಲಾಸ್ಟರನ್ನು ಬಿಚ್ಚಿಸಿಕೊಳ್ಳುವರು; ಈ ಮಗುವಿನ ಅಳುವನ್ನು ‘ಯಾವಾಗಲೂ ಅಳುವುದೇ’ ಎಂದು ಬಿಟ್ಟುಬಿಟ್ಟರೆ, ಪ್ಲಾಸ್ಟರ್ ಬಿಚ್ಚಿದ ದಿನ ಕಾಣುವುದು ಮೂಳೆಯವರೆಗೆ ಇಳಿದ ಒತ್ತುಹುಣ್ಣು.

ತಡೆಯುವ ಬಗೆ

ಮೇಲಿನ ಪಟ್ಟಿ ಭಯ ಹುಟ್ಟಿಸುವಂತಿದೆ ನಿಜ. ಆದರೆ ಅದನ್ನೇ ಇನ್ನೊಮ್ಮೆ ಓದಿದರೆ ಒಂದು ಸಮಾಧಾನವೂ ದೊರೆಯುವುದು. ಇವುಗಳಲ್ಲಿ ಬಹುಪಾಲಿಗೆ ಬೀಜ ಶಸ್ತ್ರಕ್ರಿಯೆಗೆ ಮೊದಲೇ ದೇಹದಲ್ಲಿರುವುದು. ಆದುದರಿಂದ ಮೊದಲೇ ಹುಡುಕಿದರೆ ಸಿಗುವುದು. ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಕೆಲವು ತಿಂಗಳು ಮುಂದೂಡಿ, ಮಗುವಿನ ತೂಕವನ್ನು ಹೆಚ್ಚಿಸುವುದು, ಬೇಕಾದರೆ ಹೊಟ್ಟೆಗೆ ನೇರವಾಗಿ ಕೊಳವೆಯಿಟ್ಟು ಆಹಾರ ಕೊಡುವುದು, ಡಿ ಜೀವಸತ್ವದ ಕೊರತೆಯನ್ನು ತುಂಬುವುದು, ಎದೆಯ ಕಫ ಬಿಡಿಸುವ ವ್ಯಾಯಾಮ ಕಲಿಸುವುದು, ಮೂರ್ಛೆಯ ಔಷಧಿಯನ್ನು ಹದಗೊಳಿಸುವುದು, ಇವೆಲ್ಲವೂ ಶಸ್ತ್ರಕ್ರಿಯೆಯ ಅಂಗಗಳೇ. ಇದು ಮೂಳೆಯ ವೈದ್ಯನೊಬ್ಬನ ಕೆಲಸವಲ್ಲ. ಮಕ್ಕಳ ವೈದ್ಯ, ನರರೋಗ ತಜ್ಞ, ಅರಿವಳಿಕೆ ತಜ್ಞ, ಆಹಾರ ತಜ್ಞ, ವ್ಯಾಯಾಮ ಚಿಕಿತ್ಸಕ, ದಾದಿಯರು ಎಲ್ಲರೂ ಒಂದೇ ತಂಡವಾಗಿ ದುಡಿಯಬೇಕು. ಶಸ್ತ್ರಕ್ರಿಯೆಯಾದ ಮೇಲೆ ಬೆನ್ನುಹುರಿಯ ಹೊದಿಕೆಯ ಹೊರಗೆ ಸಣ್ಣ ನಳಿಕೆಯಿಂದ ಔಷಧಿ ಹರಿಸಿ ನೋವನ್ನು ಅಡಗಿಸುವುದು, ಪ್ಲಾಸ್ಟರಿಗೆ ಸಾಕಷ್ಟು ಹತ್ತಿಯ ಮೆತ್ತೆ ಹಾಕುವುದು, ಆದಷ್ಟು ಬೇಗ ಕೂರಿಸುವುದು, ಇವೂ ಅಷ್ಟೇ ಮುಖ್ಯ.

ಮಾತಾಡದ ಮಗುವಿನ ನೋವನ್ನು ಅಳೆಯಲೂ ಒಂದು ವಿಧಾನ ಬಂದಿದೆ. ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವಿಕೆ ಈ ಐದನ್ನು ಗಮನಿಸಿ, ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುವರು. ಬುದ್ಧಿ ಬೆಳವಣಿಗೆ ಕುಂದಿದ ಮಕ್ಕಳಿಗಾಗಿ ಇದನ್ನು ತಿದ್ದಿದಾಗ, ‘ನನ್ನ ಮಗು ನೊಂದಾಗ ಹೀಗೆ ಮಾಡುವುದು’ ಎಂಬ ತಂದೆತಾಯಿಗಳ ಮಾತನ್ನೂ ಅಳತೆಯೊಳಗೆ ಸೇರಿಸಿದರು. ವರ್ಷಗಟ್ಟಲೆ ಮಗುವನ್ನು ಎತ್ತಿ ಆಡಿಸಿದ ತಾಯಿಯ ಕಣ್ಣು ಇಲ್ಲಿ ವಿಜ್ಞಾನದ ಒಂದು ಉಪಕರಣವಾಯಿತು.

ಎಲ್ಲಕ್ಕಿಂತ ಉತ್ತಮವಾದ ತಡೆ ದೊಡ್ಡ ಶಸ್ತ್ರಕ್ರಿಯೆಯ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು. ದಕ್ಷಿಣ ಸ್ವೀಡನ್ನಿನಲ್ಲಿ ೧೯೯೪ರಿಂದ ಈ ಮಕ್ಕಳನ್ನೆಲ್ಲ ಪಟ್ಟಿ ಮಾಡಿ, ನಿಗದಿಯಾದ ಕಾಲಕ್ಕೆ ಸೊಂಟದ ಎಕ್ಸ್-ರೇ ತೆಗೆದು, ಗುಂಡಿನ ಎಷ್ಟು ಭಾಗ ಬಟ್ಟಲಿನಿಂದ ಹೊರಗಿದೆಯೆಂದು ಅಳೆಯತೊಡಗಿದರು. ಜಾರುವಿಕೆ ಕಂಡೊಡನೆ ಚಿಕ್ಕ ಚಿಕಿತ್ಸೆ ಮಾಡುತ್ತಿದ್ದರು. ಮೊದಲು ನೂರರಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಸೊಂಟ ಪೂರ್ತಿ ಜಾರುತ್ತಿತ್ತು. ಈ ಕ್ರಮ ಬಂದ ಮೇಲೆ ಅದು ನೂರಕ್ಕೆ ಒಂದಕ್ಕಿಂತಲೂ ಕೆಳಗಿಳಿಯಿತು. ನೋವಿಲ್ಲದ ಸೊಂಟವೆಂದರೆ ಸರಿಯಿರುವ ಸೊಂಟವೆಂದು ಭಾವಿಸಬಾರದು. ಜಾರಲಾರಂಭಿಸಿದ ಕೀಲು ಮೊದಲು ಮೌನವಾಗಿಯೇ ಇರುವುದು. ಎಕ್ಸ್-ರೇ ಯಂತ್ರ ಇಂದು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ದೊರೆಯುವಂತಹುದು. ಬೇಕಾದುದು ಕಾಲಕಾಲಕ್ಕೆ ತಪ್ಪದೆ ನೋಡುವ ಶಿಸ್ತು.

ತಕ್ಕಡಿಯ ಎರಡು ತಟ್ಟೆಗಳು

ಇಷ್ಟು ತೊಡಕುಗಳಿರುವಾಗ ಶಸ್ತ್ರಕ್ರಿಯೆಯನ್ನು ಬಿಟ್ಟೇಬಿಡಬಾರದೆ ಎಂದು ಓದುಗರು ಕೇಳಬಹುದು. ಕೆಲವು ಮಕ್ಕಳ ವಿಷಯದಲ್ಲಿ ಬಿಡುವುದೇ ಸರಿಯಾದೀತು. ಆದರೆ ತಕ್ಕಡಿಯ ಇನ್ನೊಂದು ತಟ್ಟೆ ಬರಿದಲ್ಲ. ಬಾಗುತ್ತಲೇ ಹೋಗುವ ಬೆನ್ನು ಮಗುವನ್ನು ಹಾಸಿಗೆಗೆ ಅಂಟಿಸುವುದು. ನೇರವಾಗಿ ಕೂರಬಲ್ಲ ಮಗು ಎರಡು ಕೈಗಳನ್ನೂ ಊರಿಕೊಳ್ಳಬೇಕಿಲ್ಲ. ಅದು ಮೇಜಿನ ಮೇಲಿನ ಪುಸ್ತಕವನ್ನು ನೋಡಬಲ್ಲುದು, ಎದುರಿನವರ ಮುಖ ನೋಡಿ ನಗಬಲ್ಲುದು. ಬೆನ್ನಿನ ಶಸ್ತ್ರಕ್ರಿಯೆಯ ತರುವಾಯ ತಂದೆತಾಯಿಗಳನ್ನು ವಿಚಾರಿಸಿದ ಹಲವು ಅಧ್ಯಯನಗಳಲ್ಲಿ, ತೊಡಕುಗಳನ್ನು ಅನುಭವಿಸಿದವರು ಸೇರಿದಂತೆ ಹೆಚ್ಚಿನವರು ಫಲದಿಂದ ತೃಪ್ತರಾಗಿದ್ದುದು ಕಂಡುಬಂದಿದೆ.

ಹಾಗಾದರೆ ವೈದ್ಯರ ಮುಂದೆ ಕುಳಿತ ತಂದೆತಾಯಿಗಳು ಕೇಳಬೇಕಾದ ಪ್ರಶ್ನೆಗಳು ಯಾವುವು? ಶಸ್ತ್ರಕ್ರಿಯೆಯಿಂದ ಮಗುವಿನ ದಿನಚರಿಯಲ್ಲಿ ಬದಲಾಗುವುದೇನು, ಕೂರುವುದೆ, ನಡೆಯುವುದೆ, ನೋವೆ? ಈಗ ಮಾಡದೆ ಆರು ತಿಂಗಳು ಕಾದರೆ ಏನು ನಷ್ಟ, ಏನು ಲಾಭ? ಶ್ವಾಸಕೋಶ, ಆಹಾರ, ಮೂಳೆ, ಮೂರ್ಛೆ ಇವುಗಳ ಪರೀಕ್ಷೆಯಾಗಿದೆಯೆ? ಮನೆಗೆ ಬಂದ ಮೇಲೆ ಯಾವ ಲಕ್ಷಣ ಕಂಡರೆ ಕೂಡಲೇ ಹಿಂದಿರುಗಬೇಕು? ಈ ನಾಲ್ಕಕ್ಕೂ ಸ್ಪಷ್ಟವಾದ ಉತ್ತರ ದೊರೆತರೆ ಅರ್ಧ ಅಪಾಯ ಅಲ್ಲಿಯೇ ಹಿಂಜರಿಯುವುದು.

ಒಂದೇ ಕೈಯಿಂದ ಚಿಕಿತ್ಸೆ ಪಡೆದ ಇಬ್ಬರು ಮಕ್ಕಳಲ್ಲಿ ಕಂಡ ವ್ಯತ್ಯಾಸಕ್ಕೆ ಉತ್ತರ ಈಗ ಸ್ಪಷ್ಟ. ಶಸ್ತ್ರ ತಗಲಿದ್ದು ಬೆನ್ನಿಗಾದರೂ ಅದರ ಆಘಾತವನ್ನು ಹೊರಬೇಕಾದುದು ಇಡೀ ದೇಹ. ಮಿದುಳಿನ ಲಕ್ವ ಆ ದೇಹದ ಪ್ರತಿಯೊಂದು ಅಂಗವನ್ನೂ ಮೊದಲೇ ತಟ್ಟಿದೆ. ಮೂಳೆಯನ್ನು ನೆಟ್ಟಗೆ ಮಾಡುವ ವಿದ್ಯೆ ಲಿಟಲ್ಲರ ಕಾಲದಿಂದ ಬಹಳ ಮುಂದುವರಿದಿದೆ. ಆ ವಿದ್ಯೆ ಫಲಿಸುವುದು ಮೂಳೆಯ ಹಿಂದಿರುವ ಮಗುವನ್ನು ಇಡಿಯಾಗಿ ನೋಡಿದಾಗ ಮಾತ್ರ.